ಊರಿನ ಡಿಗ್ರಿಗೆ ಇಲ್ಲಿ ಎಷ್ಟನೇ ಮೆಟ್ಟಿಲು?

ಮೂರ್‌ಬ್ಯಾಂಕ್, ಪ್ರೆಸ್ಟನ್ಸ್ ಕಡೆಯ ಗೋದಾಮುಗಳಲ್ಲಿ ಮಧ್ಯಾಹ್ನದ ಪಾಳಿ ಶುರುವಾಗೋ ಹೊತ್ತಿಗೆ ಕಾರ್ ಪಾರ್ಕಿನಲ್ಲಿ ಸಿಗುವ ನಮ್ಮವರನ್ನು ಏನು ಓದಿದ್ದೀರಿ ಅಂತ ಒಮ್ಮೆ ಕೇಳಿ ನೋಡಿ. ಒಬ್ಬರು ಎಂಕಾಂ, ಇನ್ನೊಬ್ಬರು ಮೆಕ್ಯಾನಿಕಲ್ ಬಿಇ, ಮತ್ತೊಬ್ಬರು ಬಿಎಡ್ ಮಾಡಿ ಊರಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಒಳಗೆ ಹೋದ ಮೇಲೆ ಮೂವರಿಗೂ ಒಂದೇ ಸ್ಕ್ಯಾನರ್, ಒಂದೇ ಹಳದಿ ಜಾಕೆಟ್, ಒಂದೇ ಗಂಟೆ ಸಂಬಳ. ಅದೇ ಗೋದಾಮಿನ ಕೋಲ್ಡ್ ರೂಮ್ ರಿಪೇರಿಗೆ ಬರುವ ಲೈಸೆನ್ಸ್ ಇರುವ ಮೆಕ್ಯಾನಿಕ್ ಈ ಮೂವರಿಗಿಂತಲೂ ಹೆಚ್ಚು ದುಡಿಯುತ್ತಾನೆ. ಅವನು ಕಾಲೇಜಿನ ಮೆಟ್ಟಿಲು ಹತ್ತಿದವನೇ ಅಲ್ಲ.

ಇದನ್ನು ನೋಡಿ ನಮ್ಮಲ್ಲಿ ಎರಡು ಮಾತು ಹುಟ್ಟಿಕೊಂಡಿವೆ. "ಇಲ್ಲಿ ಓದಿಗೆ ಬೆಲೆ ಇಲ್ಲ ಬಿಡ್ರಿ" ಅನ್ನೋದು ಒಂದು. "ಎಲ್ಲ ಹಣೆಬರಹ" ಅನ್ನೋದು ಇನ್ನೊಂದು. ಎರಡನ್ನೂ ನಾವು ಒಪ್ಪುವುದಿಲ್ಲ. ಓದಿಗೆ ಇಲ್ಲೂ ಬೆಲೆ ಇದೆ. ಆದರೆ ನೀವು ಓದಿದ್ದು ಎಷ್ಟು ಅನ್ನೋದಕ್ಕಿಂತ, ಆ ಓದನ್ನು ಈ ದೇಶ ಯಾವ ಮೆಟ್ಟಿಲಲ್ಲಿ ಬರೆದುಕೊಂಡಿದೆ ಅನ್ನೋದರ ಮೇಲೆ ಆ ಬೆಲೆ ನಿಂತಿದೆ. ಬರೆಸಿಕೊಳ್ಳದ ಡಿಗ್ರಿ ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ, ಇದೆ ಅಂತ ಮನೆಯವರಿಗಷ್ಟೇ ಗೊತ್ತು.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಸೆಟ್ಲ್‌ಮೆಂಟ್ ಸರ್ವಿಸಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಗಾಗಿ ಡೆಲಾಯ್ಟ್‌ನವರು 2024ರಲ್ಲಿ ಮಾಡಿದ ವರದಿಯ ಪ್ರಕಾರ, ಆಸ್ಟ್ರೇಲಿಯಾದ ಕಾಯಂ ವಲಸಿಗರಲ್ಲಿ ಶೇ. 44ರಷ್ಟು ಜನ ತಮ್ಮ ಓದು, ಅನುಭವಕ್ಕಿಂತ ಕೆಳಗಿನ ಕೆಲಸದಲ್ಲಿದ್ದಾರೆ. ಲೆಕ್ಕದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ. ಪಿಆರ್ ಸಿಕ್ಕವರ ಲೆಕ್ಕವೇ ಇದು. ಸ್ಟೂಡೆಂಟ್ ವೀಸಾ, ಕಂಪನಿ ವೀಸಾದಲ್ಲಿ ಇರುವವರು ಇದರಲ್ಲಿ ಸೇರಿಲ್ಲ.

ಹಾಗಾದರೆ ಮೆಟ್ಟಿಲು ಯಾವುದು? ಇಲ್ಲಿ ಎಕ್ಯೂಎಫ್ ಎಂಬ ಹತ್ತು ಹಂತದ ಏಣಿ ಇದೆ, ಆಸ್ಟ್ರೇಲಿಯನ್ ಕ್ವಾಲಿಫಿಕೇಷನ್ಸ್ ಫ್ರೇಮ್‌ವರ್ಕ್ ಅಂತ ಅದರ ಪೂರ್ತಿ ಹೆಸರು. ಸರ್ಟಿಫಿಕೇಟ್ 1ರಿಂದ 4ರವರೆಗೆ ಮೊದಲ ನಾಲ್ಕು ಹಂತ. ಡಿಪ್ಲೊಮಾ ಐದು, ಅಡ್ವಾನ್ಸ್‌ಡ್ ಡಿಪ್ಲೊಮಾ ಆರು, ಡಿಗ್ರಿ ಏಳು. ಆನರ್ಸ್, ಗ್ರಾಜುಯೇಟ್ ಡಿಪ್ಲೊಮಾ ಎಂಟು, ಮಾಸ್ಟರ್ಸ್ ಒಂಬತ್ತು, ಪಿಎಚ್‌ಡಿ ಹತ್ತು. ಟೇಫ್‌ನಲ್ಲಿ ಹೇಳಿಕೊಡುವ ಸರ್ಟಿಫಿಕೇಟ್ 3 ಅಂದರೆ ಮೂರನೇ ಮೆಟ್ಟಿಲು. ಕೇಳೋಕೆ ಚಿಕ್ಕದು, ಆದರೆ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ ಎಲ್ಲರೂ ನಿಂತಿರುವುದು ಅದೇ ಮೆಟ್ಟಿಲ ಮೇಲೆ. ಮೇಲಿನ ಮೆಟ್ಟಿಲಿಗೆಲ್ಲ ಜಾಸ್ತಿ ಸಂಬಳ, ಕೆಳಗಿನದಕ್ಕೆಲ್ಲ ಕಡಿಮೆ ಅನ್ನುವ ನಮ್ಮೂರಿನ ಲೆಕ್ಕ ಇಲ್ಲಿ ಪೂರ್ತಿ ನಡೆಯೋದಿಲ್ಲ.

ನಮ್ಮ ಕಾಗದವನ್ನು ಯಾವ ಮೆಟ್ಟಿಲಿಗೆ ಸೇರಿಸಬೇಕು ಅಂತ ತೀರ್ಮಾನ ಮಾಡುವುದು ಒಂದೇ ಆಫೀಸಲ್ಲ. ಎಂಜಿನಿಯರಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ಐಟಿಯವರಿಗೆ ಎಸಿಎಸ್, ಕೈಕೆಲಸದವರಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ನರ್ಸಿಗೆ ಆಪ್ರಾ, ಮೇಷ್ಟ್ರಿಗೆ ಎಐಟಿಎಸ್‌ಎಲ್. ಒಬ್ಬೊಬ್ಬರದೂ ಒಂದೊಂದು ನಿಯಮ. ಮೂರು ವರ್ಷದ ಬಿಎ, ಬಿಕಾಂ ಎಲ್ಲರಿಗೂ ಒಂದೇ ಮೆಟ್ಟಿಲಿಗೆ ಬರುತ್ತದೆ ಅಂತಲೂ ಇಲ್ಲ. ಯಾವ ವಿಶ್ವವಿದ್ಯಾಲಯ, ಎಷ್ಟು ವರ್ಷ, ಏನು ವಿಷಯ ಅನ್ನುವುದನ್ನೆಲ್ಲ ನೋಡುತ್ತಾರೆ.

2023ರ ಮಾರ್ಚ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ಪರಸ್ಪರ ವಿದ್ಯಾರ್ಹತೆ ಒಪ್ಪಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಆಗ ವಾಟ್ಸ್ಯಾಪ್ ಗುಂಪುಗಳಲ್ಲಿ "ಇನ್ನು ನಮ್ಮ ಡಿಗ್ರಿ ಇಲ್ಲೂ ಡಿಗ್ರಿನೇ" ಅಂತ ಸಿಹಿ ಹಂಚಿದ್ದೇ ಹಂಚಿದ್ದು. ಆ ಒಪ್ಪಂದದಿಂದ ಮುಂದಿನ ಓದಿಗೆ ಸೇರಿಕೊಳ್ಳುವವರಿಗೆ ಅನುಕೂಲ ಆಗಿದೆ, ನಿಜ. ಆದರೆ ನರ್ಸು, ಡಾಕ್ಟರು, ವಕೀಲರಂಥ ನೋಂದಣಿ ಬೇಕಾದ ವೃತ್ತಿಗಳಲ್ಲಿ ನೋಂದಣಿಯ ಬಾಗಿಲು ಅದರಿಂದ ತೆರೆಯೋದಿಲ್ಲ. ಆ ಬಾಗಿಲನ್ನು ಅವರವರೇ ತಟ್ಟಬೇಕು.

ನರ್ಸುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಮೆಟ್ಟಿಲಿನ ವ್ಯತ್ಯಾಸ ಎಷ್ಟು ಕಾಡುತ್ತದೆ ಅನ್ನೋದು ಅಲ್ಲೇ ಚೆನ್ನಾಗಿ ಕಾಣುತ್ತದೆ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೇನೂ ಬರವಿಲ್ಲ. ಆದರೆ ಕೆಲವರು ಓದಿದ್ದು ಮೂರು ವರ್ಷದ ಜಿಎನ್‌ಎಂ, ಕೆಲವರು ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ಇಬ್ಬರೂ "ಸಿಸ್ಟರ್" ಅಷ್ಟೇ. ಡ್ಯೂಟಿಯೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಲಿವರ್‌ಪೂಲ್ ಆಸ್ಪತ್ರೆಯ ಬಾಗಿಲಿಗೆ ಬಂದರೆ ಮೂರು ಬೇರೆ ಬೇರೆ ಸಾಲುಗಳಿವೆ. ರಿಜಿಸ್ಟರ್ಡ್ ನರ್ಸ್ ಆಗೋಕೆ ಡಿಗ್ರಿ ಬೇಕು, ಅಂದರೆ ಏಳನೇ ಮೆಟ್ಟಿಲು. ಎನ್‌ರೋಲ್ಡ್ ನರ್ಸ್‌ಗೆ ಡಿಪ್ಲೊಮಾ, ಐದನೇ ಮೆಟ್ಟಿಲು. ಅದರ ಕೆಳಗೆ ಅಸಿಸ್ಟೆಂಟ್ ಇನ್ ನರ್ಸಿಂಗ್, ಎಐಎನ್ ಅಂತಾರಲ್ಲ ಅದು, ಸಾಮಾನ್ಯವಾಗಿ ಸರ್ಟಿಫಿಕೇಟ್ 3. ಮೂರಕ್ಕೂ ಸಂಬಳ ಬೇರೆ, ಜವಾಬ್ದಾರಿ ಬೇರೆ, ಮುಂದೆ ವೀಸಾ ಸಿಗುವ ದಾರಿಯೂ ಬೇರೆ.

ಬಿಎಸ್ಸಿ ನರ್ಸಿಂಗ್ ಇದ್ದವರಿಗೆ ದಾರಿ ಉದ್ದವಾದರೂ ಕಣ್ಣಿಗೆ ಕಾಣುತ್ತದೆ. 2020ರ ಮಾರ್ಚ್‌ನಿಂದ ಹಳೇ ಬ್ರಿಡ್ಜಿಂಗ್ ಕೋರ್ಸಿನ ಬದಲು ಪರೀಕ್ಷೆಯ ವ್ಯವಸ್ಥೆ ಬಂದಿದೆ. ಮೊದಲು ಎನ್‌ಕ್ಲೆಕ್ಸ್ ಪರೀಕ್ಷೆ, ಆಮೇಲೆ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನಲ್ಲಿ 7 ಬರಬೇಕು. ಬರವಣಿಗೆಗೆ ಮಾತ್ರ 2025ರ ಮಾರ್ಚ್‌ನಿಂದ 6.5 ಸಾಕು ಅಂತ ಮಾಡಿದ್ದಾರೆ. ಈ ಅರ್ಧ ಅಂಕಕ್ಕಾಗಿ ಮೂರು ಮೂರು ಸಲ ಪರೀಕ್ಷೆ ಕಟ್ಟಿದವರು ನಮ್ಮಲ್ಲಿದ್ದಾರೆ. ಹಳೇ ಫಲಿತಾಂಶ ಇಟ್ಟುಕೊಂಡು ಕೈಚೆಲ್ಲಿ ಕೂತವರು ಈಗ ಮತ್ತೆ ವಿಚಾರಿಸಿದರೆ ಒಳ್ಳೆಯದು. ಬ್ರಿಟನ್, ಐರ್ಲೆಂಡ್, ಸಿಂಗಪುರದಂಥ ಕೆಲವು ದೇಶಗಳಲ್ಲಿ ನೋಂದಾಯಿತ ನರ್ಸ್ ಆಗಿ 1,800 ಗಂಟೆ ಕೆಲಸ ಮಾಡಿ ಬಂದವರಿಗೆ 2025ರ ಏಪ್ರಿಲ್‌ನಿಂದ ಈ ಪರೀಕ್ಷೆಗಳಿಲ್ಲದ ಹತ್ತಿರದ ದಾರಿಯೂ ತೆರೆದಿದೆ. ಗಲ್ಫ್‌ನಲ್ಲಿ ಹತ್ತು ವರ್ಷ ದುಡಿದ ಅನುಭವಕ್ಕೆ ಆ ಅನುಕೂಲ ಇಲ್ಲ. ನ್ಯಾಯವೋ ಅನ್ಯಾಯವೋ, ನಿಯಮ ಹಾಗಿದೆ.

ಜಿಎನ್‌ಎಂ ಮಾತ್ರ ಇದ್ದವರಿಗೆ ತೊಡಕು. ಡಿಗ್ರಿಗೆ ಸಮ ಅಲ್ಲ ಅಂತ ಬಂದರೆ ರಿಜಿಸ್ಟರ್ಡ್ ನರ್ಸ್ ಸಾಲಿನಿಂದ ಕೆಳಗೆ ಇಳಿಯಬೇಕು, ಇಲ್ಲವೇ ಮತ್ತೆ ಓದಬೇಕು. ಹದಿನೈದು ವರ್ಷ ಐಸಿಯು ನೋಡಿದ ಅಕ್ಕ ಇಲ್ಲಿ ವೃದ್ಧಾಶ್ರಮದಲ್ಲಿ ಎಐಎನ್ ಆಗಿ ಹಾಸಿಗೆ ಬದಲಾಯಿಸುತ್ತಾ, ತನಗಿಂತ ಹದಿನೆಂಟು ವರ್ಷ ಚಿಕ್ಕ ನರ್ಸಿಗೆ ಬಿಪಿ ಓದಿ ಹೇಳಬೇಕು. ಕೆಲಸ ಚಿಕ್ಕದು ಅಂತ ನಾವು ಹೇಳುತ್ತಿಲ್ಲ. ಆ ಕೈಗೆ ಗೊತ್ತಿರೋದರಲ್ಲಿ ಕಾಲು ಭಾಗವನ್ನೂ ಕೇಳುವವರಿಲ್ಲ ಅನ್ನೋದೇ ನೋವು. ಅದಕ್ಕೇ ಊರಿನಲ್ಲಿರುವ ತಂಗಿಯರಿಗೆ, ನಾದಿನಿಯರಿಗೆ ನಾವು ಹೇಳುವ ಮಾತು ಒಂದೇ: ಹೊರಡುವ ಯೋಚನೆ ಇದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಯನ್ನು ಅಲ್ಲೇ, ರೆಗ್ಯುಲರ್ ಆಗಿ ಮುಗಿಸಿ ಬನ್ನಿ. ಇಲ್ಲಿ ಬಂದ ಮೇಲೆ ಅದೇ ಮೆಟ್ಟಿಲು ಹತ್ತೋಕೆ ಆಗುವ ಖರ್ಚಿನಲ್ಲಿ ಊರಲ್ಲಿ ಸೈಟು ಬರುತ್ತದೆ. ಇಲ್ಲಿಗೆ ಬಂದುಬಿಟ್ಟವರು ಎಐಎನ್ ಕೆಲಸ ಹಿಡಿದುಕೊಂಡೇ ಟೇಫ್‌ನ ಡಿಪ್ಲೊಮಾ ಆಫ್ ನರ್ಸಿಂಗ್ ಕಡೆ ನೋಡಬಹುದು. ಹದಿನೆಂಟು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ, ಆಮೇಲೆ ಅಲ್ಲಿಂದ ಡಿಗ್ರಿಗೂ ದಾರಿ ಇದೆ.

ಇನ್ನು ಐಟಿಐ. ನಮ್ಮೂರುಗಳಲ್ಲಿ ಐಟಿಐ ಅಂದರೆ "ಪಿಯುಸಿ ಫೇಲಾದೋನು" ಅನ್ನುವ ತಾತ್ಸಾರ ಇನ್ನೂ ಹೋಗಿಲ್ಲ. ಇಲ್ಲಿ ಮನೆ ಕಟ್ಟಿಸಿದವರನ್ನು ಕೇಳಿ, ಎಲೆಕ್ಟ್ರಿಷಿಯನ್ ಬಂದು ಹೋಗುವುದಕ್ಕೇ ಎಷ್ಟು ಅಂತ. ಫಿಟ್ಟರ್, ವೆಲ್ಡರ್ ಕೆಲಸ ಗೊತ್ತಿದ್ದವರು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದ ಪರಿಶೀಲನೆ ಮುಗಿಸಿಕೊಂಡರೆ ಕೆಲಸಕ್ಕೆ ಇಳಿಯಬಹುದು. ಎಲೆಕ್ಟ್ರಿಷಿಯನ್, ಪ್ಲಂಬರ್, ಎಸಿ ಮೆಕ್ಯಾನಿಕ್‌ಗೆ ಅಷ್ಟು ಸಾಲದು. ಇವು ಲೈಸೆನ್ಸ್ ಬೇಕಾದ ಕೆಲಸಗಳು. ವಿದೇಶದಲ್ಲಿ ಕಲಿತವರಿಗೆ ಮೊದಲು ಒಟಿಎಸ್‌ಆರ್ ಎಂಬ ಕಾಗದ ಸಿಗುತ್ತದೆ. ಅದರ ಮೇಲೆ ಇಲ್ಲಿನ ಲೈಸೆನ್ಸ್ ಇದ್ದವರ ಕೈಕೆಳಗೆ ಕೆಲಸ ಮಾಡುತ್ತಾ, ಇಲ್ಲಿನ ವೈರಿಂಗ್ ನಿಯಮಗಳನ್ನು ಗ್ಯಾಪ್ ಟ್ರೈನಿಂಗ್‌ನಲ್ಲಿ ಕಲಿತು, ಸರ್ಟಿಫಿಕೇಟ್ 3 ತೆಗೆದುಕೊಂಡು, ಆಮೇಲೆ ಲೈಸೆನ್ಸ್. ಒಂದು ವರ್ಷದ ಮೇಲೇ ಹಿಡಿಯುತ್ತದೆ ಅಂದುಕೊಳ್ಳಿ. ಲೈಸೆನ್ಸ್ ಇಲ್ಲದೆ "ಗೊತ್ತಿರೋರ ಮನೆ ತಾನೇ" ಅಂತ ಒಂದು ಪಾಯಿಂಟ್ ಹಾಕಿಕೊಟ್ಟರೂ ಅಪರಾಧ. ಏನಾದರೂ ಅನಾಹುತವಾದರೆ ಇನ್ಶೂರೆನ್ಸ್ ಕೂಡ ಕೈಬಿಡಬಹುದು.

ಈ ದಾರಿಯಲ್ಲಿ ನಮ್ಮವರನ್ನು ಎಡವಿಸುವುದು ಕೈಚಳಕ ಅಲ್ಲ, ಪುರಾವೆ. ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಸಣ್ಣ ವರ್ಕ್‌ಶಾಪಿನಲ್ಲಿ ಎಂಟು ವರ್ಷ ದುಡಿದಿರುತ್ತಾರೆ. ಸಂಬಳ ಕೈಗೆ ನಗದು, ಪಿಎಫ್ ಇಲ್ಲ, ಪೇ ಸ್ಲಿಪ್ ಇಲ್ಲ. ಆ ಎಂಟು ವರ್ಷ ಇಲ್ಲಿನ ಲೆಕ್ಕದಲ್ಲಿ ಸೊನ್ನೆ. ಅದೇ ಪಿಎಫ್ ಕಟ್ಟುವ ಕಾರ್ಖಾನೆಯಲ್ಲಿ ಮೂರೇ ವರ್ಷ ಇದ್ದವನ ಅನುಭವಕ್ಕೆ ಬೆಲೆ ಬರುತ್ತದೆ. ಊರಲ್ಲಿ ಇನ್ನೂ ಕೆಲಸದಲ್ಲಿರುವ ತಮ್ಮಂದಿರಿಗೆ ಇದನ್ನು ಈಗಲೇ ತಿಳಿಸಿ.

ಬಿಇ ಓದಿದವರ ಕಥೆ ಇಷ್ಟು ಉದ್ದ ಇಲ್ಲ. ಭಾರತ 2014ರಲ್ಲಿ ವಾಷಿಂಗ್ಟನ್ ಅಕಾರ್ಡ್‌ಗೆ ಸೇರಿತು. ಆದರೆ ಎನ್‌ಬಿಎ ಟಯರ್-1 ಮಾನ್ಯತೆ ಇದ್ದ ಕೋರ್ಸಿಗೆ, ಅದೂ ಆ ಮಾನ್ಯತೆ ಇದ್ದ ಅವಧಿಯಲ್ಲಿ ಓದಿದವರಿಗೆ ಮಾತ್ರ ಅದರ ಲಾಭ. ಉಳಿದವರು ತಮ್ಮ ಕೆಲಸದ ಮೂರು ಪ್ರಸಂಗಗಳನ್ನು ವಿವರಿಸಿ ಸಿಡಿಆರ್ ಎಂಬ ವರದಿ ಬರೆದು ಕೊಡಬೇಕು. ದುಡ್ಡು ಕೊಟ್ಟು ಬೇರೆಯವರ ಕೈಲಿ ಬರೆಸಬೇಡಿ, ನಕಲು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಗಂಡನ ವೀಸಾದ ಮೇಲೆ ಬಂದವರು, ಬಿಎಡ್ ಮಾಡಿದವರು. ಬಹಳಷ್ಟು ಜನ ಚೈಲ್ಡ್‌ಕೇರ್‌ಗೆ ಸೇರುತ್ತಾರೆ, ಸರ್ಟಿಫಿಕೇಟ್ 3 ಮಾಡುತ್ತಾರೆ, ಅಲ್ಲೇ ನಿಲ್ಲುತ್ತಾರೆ. ಆ ಕೆಲಸದಲ್ಲೂ ಮೆಟ್ಟಿಲುಗಳಿವೆ. ಸರ್ಟಿಫಿಕೇಟ್ 3 ಆದ ಮೇಲೆ ಡಿಪ್ಲೊಮಾ, ಅದರ ಮೇಲೆ ಡಿಗ್ರಿ ಇರುವ ಟೀಚರ್. ಸರ್ಕಾರದ ನೆರವಿಗೆ ಒಪ್ಪಿಕೊಂಡ ಸೆಂಟರ್‌ಗಳಲ್ಲಿ 2024ರ ಡಿಸೆಂಬರ್‌ನಿಂದ ಶೇ. 10, ಅದಾದ ವರ್ಷಕ್ಕೆ ಮತ್ತೆ ಶೇ. 5 ಸಂಬಳ ಏರಿಸುವ ತೀರ್ಮಾನವಾಗಿದೆ. ನಿಮ್ಮ ಸೆಂಟರ್ ಅದರಲ್ಲಿದೆಯಾ ಅಂತ ಕೇಳಿ. ಹಾಗೆ ಕೇಳೋದು ತಪ್ಪಲ್ಲ. ಇನ್ನು ಶಾಲೆಯಲ್ಲೇ ಟೀಚರ್ ಆಗಬೇಕು ಅನ್ನುವವರಿಗೆ ಎಐಟಿಎಸ್‌ಎಲ್ ನೋಡುವುದು ಮುಖ್ಯವಾಗಿ ಮೂರು ವಿಷಯ: ಒಟ್ಟು ನಾಲ್ಕು ವರ್ಷದ ಉನ್ನತ ಓದು, ಅದರಲ್ಲಿ ಕನಿಷ್ಠ ಒಂದು ವರ್ಷ ಶಿಕ್ಷಕ ತರಬೇತಿ, ಮತ್ತು 45 ದಿನದ ಮೇಲ್ವಿಚಾರಣೆಯ ಪಾಠಾಭ್ಯಾಸ. ಮೂರು ವರ್ಷದ ಬಿಎಸ್ಸಿಗೆ ಹಳೇ ಒಂದು ವರ್ಷದ ಬಿಎಡ್ ಸೇರಿಸಿದರೆ ವರ್ಷದ ಲೆಕ್ಕ ಸರಿಹೋಗುತ್ತದೆ. ಕಷ್ಟ ಇರೋದು ಇಂಗ್ಲಿಷಿನಲ್ಲಿ. ಓದು, ಬರಹಕ್ಕೆ 7, ಕೇಳುವುದು ಮಾತಾಡುವುದಕ್ಕೆ 8. ಎಂಟು ಅಂದರೆ ಹುಡುಗಾಟ ಅಲ್ಲ. ಆದರೆ ಗಣಿತ, ವಿಜ್ಞಾನದ ಮೇಷ್ಟ್ರು ಸಿಗದೆ ಇಲ್ಲಿನ ಹೈಸ್ಕೂಲುಗಳು ಪರದಾಡುತ್ತಿರುವಾಗ, ಗಣಿತದ ಬಿಎಡ್ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾ ಕೂತಿರೋದು ನಮಗೆ ಸರಿ ಕಾಣೋದಿಲ್ಲ. ಪಿಆರ್ ಇದ್ದವರಿಗೆ ಎಎಂಇಪಿ ಇಂಗ್ಲಿಷ್ ತರಗತಿ ಉಚಿತ. ಹಿಂದೆ ಇದ್ದ 510 ಗಂಟೆಯ ಮಿತಿಯನ್ನು 2021ರಲ್ಲೇ ತೆಗೆದಿದ್ದಾರೆ. ಅಲ್ಲಿ ಐಇಎಲ್‌ಟಿಎಸ್ ಹೇಳಿಕೊಡೋದಿಲ್ಲ, ಆದರೆ ನಾಲಿಗೆ ಸಡಿಲ ಆಗುತ್ತದೆ.

ದಾರಿ ಇದ್ದರೂ ಯಾಕೆ ಹತ್ತುವುದಿಲ್ಲ? ಒಂದು ಕಾರಣ ನಮ್ಮ ಕ್ಯಾಲ್ಕುಲೇಟರ್. 2025ರ ಜುಲೈ 1ರಿಂದ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು. ಕ್ಯಾಶುಯಲ್ ಆದರೆ ಅದರ ಮೇಲೆ ಶೇ. 25 ಸೇರಿ 31 ಡಾಲರ್ ದಾಟುತ್ತದೆ. ಐವತ್ತೈದರಿಂದ ಗುಣಿಸಿದರೆ ಗಂಟೆಗೆ ಸಾವಿರದ ಏಳುನೂರು ರೂಪಾಯಿ! ಅಪ್ಪ ಒಂದು ವಾರ ಗೇಯ್ದರೂ ಬಾರದ ದುಡ್ಡು ಅಂತ ಎದೆ ತುಂಬುತ್ತದೆ. ಆದರೆ ಲಿವರ್‌ಪೂಲ್‌ನಲ್ಲಿ ಬಾಡಿಗೆ ಕಟ್ಟುವುದು ಡಾಲರ್‌ನಲ್ಲಿ. ಆ ಶೇ. 25 ಕೂಡ ಬೋನಸ್ ಅಲ್ಲ, ರಜೆ ಸಂಬಳಕ್ಕೆ ಮತ್ತು ಹುಷಾರಿಲ್ಲದ ದಿನದ ಸಂಬಳಕ್ಕೆ ಬದಲಾಗಿ ಕೊಡೋದು. ಜ್ವರ ಬಂದರೆ ಆ ದಿನ ಸೊನ್ನೆ. ಮೊದಲ ಎರಡು ವರ್ಷ ಈ ಗುಣಾಕಾರದಲ್ಲೇ ಕಳೆದರೆ ಅಷ್ಟರಲ್ಲಿ ಕಾರಿನ ಸಾಲ, ಊರಿನ ಮನೆಯ ಕಂತು, ಮಗುವಿನ ಫೀಸು ಎಲ್ಲ ಆ ಕೂಲಿಗೇ ಹೊಂದಿಕೊಂಡುಬಿಡುತ್ತವೆ. ಆಮೇಲೆ ಓದೋಕೆ ಒಂದು ಪಾಳಿ ಬಿಡೋದೂ ಕಷ್ಟ. ಇತ್ತ ಊರಲ್ಲಿ ಓದಿದ್ದೂ ತುಕ್ಕು ಹಿಡಿಯುತ್ತದೆ, ಯಾಕಂದರೆ ಬಹಳಷ್ಟು ಕಡೆ ಇತ್ತೀಚಿನ ವರ್ಷಗಳ ಅನುಭವವನ್ನೇ ಕೇಳುತ್ತಾರೆ.

ಇನ್ನೊಂದು ಕಾರಣ ನಿಜವಾದ ದುಡ್ಡಿನದು. ಪಿಆರ್ ಇದ್ದವರಿಗೆ ಯೂನಿವರ್ಸಿಟಿಯಲ್ಲಿ ಇಲ್ಲಿನವರ ಫೀಸೇ, ಆದರೆ ಹೆಕ್ಸ್ ಸಾಲ ಸಾಮಾನ್ಯವಾಗಿ ಸಿಟಿಜನ್ ಆದ ಮೇಲೇ. ಅಲ್ಲಿವರೆಗೆ ಕೈಯಿಂದ ಕಟ್ಟಬೇಕು. ಟೇಫ್‌ನ ಫೀ-ಫ್ರೀ ಸೀಟುಗಳು ಪಿಆರ್ ಇದ್ದವರಿಗೂ ಸಿಗುತ್ತವೆ, ವೃದ್ಧರ ಆರೈಕೆ, ನರ್ಸಿಂಗ್, ಚೈಲ್ಡ್‌ಕೇರ್‌ನಂಥ ಕೋರ್ಸುಗಳಿಗೆ. ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಇಲ್ಲ. ಕಂಪನಿ ವೀಸಾದಲ್ಲಿ ಇರುವವರು ಇನ್ನೂ ಒಂದು ಮಾತು ನೆನಪಿಡಿ: ಓದಬಹುದು, ಆದರೆ ವೀಸಾದಲ್ಲಿ ಬರೆದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಜಿಗಿಯುವ ಹಾಗಿಲ್ಲ. ಜಿಗಿಯುವ ಮುಂಚೆ ನೋಂದಾಯಿತ ಮೈಗ್ರೇಷನ್ ಏಜೆಂಟರನ್ನು ಕೇಳಿ, ವಾಟ್ಸ್ಯಾಪ್ ಗುಂಪನ್ನಲ್ಲ.

ಇಲ್ಲೇ ಒಂದು ಅಡ್ಡದಾರಿ ಬಾಯಿ ತೆರೆದುಕೊಂಡು ಕೂತಿದೆ. "ಊರಿನ ಅನುಭವ ಇದೆಯಲ್ಲ, ಸಾವಿರ ಡಾಲರ್ ಕೊಡಿ, ವಾರದಲ್ಲಿ ಸರ್ಟಿಫಿಕೇಟ್" ಅನ್ನುವವರು. ಅನುಭವವನ್ನು ಓದಾಗಿ ಪರಿಗಣಿಸುವ ಆರ್‌ಪಿಎಲ್ ಎಂಬ ಪದ್ಧತಿ ನಿಜವಾಗಿಯೂ ಇದೆ, ಒಳ್ಳೆಯದೂ ಹೌದು. ಆದರೆ ಅದರಲ್ಲಿ ನಿಮ್ಮ ಕೆಲಸವನ್ನು ಯಾರಾದರೂ ನೋಡಬೇಕು, ಪ್ರಶ್ನೆ ಕೇಳಬೇಕು, ಪುರಾವೆ ತೆಗೆದುಕೊಳ್ಳಬೇಕು. ಏನನ್ನೂ ಕೇಳದೆ ಕೊಟ್ಟರೆ ಅದು ಬರೀ ಕಾಗದ. 2024ರ ಕೊನೆಯಿಂದ ಈಚೆಗೆ ನಿಯಂತ್ರಣ ಸಂಸ್ಥೆ ಆಸ್ಕ್ವಾ ಇಂಥ ಕೆಲವು ಸಂಸ್ಥೆಗಳು ಕೊಟ್ಟ ಸಾವಿರಾರು ಜನರ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿದೆ. ಆರೈಕೆ, ಚೈಲ್ಡ್‌ಕೇರ್, ಕಟ್ಟಡ ಕೆಲಸದವರೆಲ್ಲ ಅದರಲ್ಲಿದ್ದರು. ಅವರಲ್ಲಿ ಪ್ರಾಮಾಣಿಕವಾಗಿ ಫೀಸು ಕಟ್ಟಿದವರೂ ಇದ್ದಿರಬೇಕು. ಸೇರುವ ಮುಂಚೆ ಸಂಸ್ಥೆಯ ಹೆಸರು, ಕೋರ್ಸಿನ ಕೋಡ್ ಎರಡನ್ನೂ ಸರ್ಕಾರದ ಟ್ರೈನಿಂಗ್ ಪಟ್ಟಿಯಲ್ಲಿ ಹುಡುಕಿ ನೋಡಿ. ಮುಗಿದ ಮೇಲೆ ನಿಮ್ಮ ಯುಎಸ್‌ಐ ಖಾತೆಯಲ್ಲಿ ಅದು ಬಂದಿದೆಯಾ ಅಂತಲೂ ನೋಡಿ.

ಲಿವರ್‌ಪೂಲ್ ಟೇಫ್‌ನ ಹಳೇ ಇಟ್ಟಿಗೆ ಕಟ್ಟಡ ಒಂದು ಕಾಲಕ್ಕೆ ಆಸ್ಪತ್ರೆಯಾಗಿತ್ತು. ಅದು ಫ್ರಾನ್ಸಿಸ್ ಗ್ರೀನ್‌ವೇ ವಿನ್ಯಾಸ ಅಂತ ಹೇಳುತ್ತಾರೆ. ಇಲ್ಲಿನ ಸೇಂಟ್ ಲ್ಯೂಕ್ಸ್ ಚರ್ಚ್ ಕೂಡ ಅವನದೇ. ಖೋಟಾ ಪತ್ರದ ಅಪರಾಧಕ್ಕೆ ಗಡೀಪಾರಾಗಿ 1814ರಲ್ಲಿ ಸಿಡ್ನಿಗೆ ಬಂದ ಕೈದಿ ಅವನು. ಎರಡೇ ವರ್ಷದಲ್ಲಿ ಗವರ್ನರ್ ಮ್ಯಾಕ್ವಾರಿ ಅವನ ಕೈ ಕೆಲಸ ನೋಡಿ ಸರ್ಕಾರಿ ವಾಸ್ತುಶಿಲ್ಪಿ ಮಾಡಿದ. ಮುಂದೆ 1966ರ ಹತ್ತು ಡಾಲರ್ ನೋಟಿನ ಮೇಲೂ ಅವನ ಚಿತ್ರ ಬಂತು. ಖೋಟಾ ಮಾಡಿದವನು ನೋಟಿನ ಮೇಲೆ! ಆ ಅದೃಷ್ಟ ಅವನೊಬ್ಬನಿಗೇ ಸಾಕು, ನಮ್ಮ ಸರ್ಟಿಫಿಕೇಟ್ ಅಸಲಿಯೇ ಇರಲಿ.

ಮಕ್ಕಳ ಬಗ್ಗೆಯೂ ಒಂದು ಮಾತು. ಎಚ್‌ಎಸ್‌ಸಿ ಓದುವ ಮಗ "ಅಪ್ರೆಂಟಿಸ್ ಆಗ್ತೀನಿ" ಅಂದಾಗ ಮನೆಯಲ್ಲಿ ಸೂತಕದ ಕಳೆ ಬರುವುದನ್ನು ನಾವು ಕಂಡಿದ್ದೇವೆ. ಸಾಲವಿಲ್ಲದೆ, ಸಂಬಳ ತೆಗೆದುಕೊಳ್ಳುತ್ತಾ ನಾಲ್ಕು ವರ್ಷದಲ್ಲಿ ಲೈಸೆನ್ಸ್ ಪಡೆಯುವ ಹುಡುಗನಿಗೂ, ಇಷ್ಟವಿಲ್ಲದ ಡಿಗ್ರಿಗೆ ಸೇರಿ ಹೆಕ್ಸ್ ಸಾಲ ಹೊತ್ತು ಎರಡನೇ ವರ್ಷಕ್ಕೆ ಬಿಡುವ ಹುಡುಗನಿಗೂ ಹೋಲಿಸಿ ನೋಡಿ. ಬ್ಯಾಡ್ಜರಿಸ್ ಕ್ರೀಕ್‌ನಲ್ಲಿ ಹೊಸ ವಿಮಾನ ನಿಲ್ದಾಣ ಎದ್ದಿರುವಾಗ ನಮ್ಮ ಸುತ್ತಮುತ್ತ ಲೈಸೆನ್ಸ್ ಇರುವ ಕೈಗಳಿಗೆ ಕೆಲಸ ಇರುತ್ತದೆ. ಹಾಗಂತ ಓದುವ ಹುಡುಗಿಯನ್ನು ತಡೆಯಬೇಕು ಅಂತಲ್ಲ. ಡಾಕ್ಟರು, ಎಂಜಿನಿಯರು, ಟೀಚರು ಆಗುವವರಿಗೆ ಏಳನೇ ಮೆಟ್ಟಿಲು ಬಿಟ್ಟು ಗತಿಯಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗುವವರು ಈ ಸಲ ಸಂಡಿಗೆ, ಚಟ್ನಿಪುಡಿಯ ಜೊತೆ ಇಷ್ಟು ತನ್ನಿ: ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಕಾಲೇಜಿನಿಂದ ಸೀಲು ಹಾಕಿಸಿದ ಸಿಲಬಸ್, ಐಟಿಐ ಆದರೆ ಎನ್‌ಟಿಸಿ ಮತ್ತು ಅಪ್ರೆಂಟಿಸ್ ಪ್ರಮಾಣಪತ್ರ. ಕೆಲಸ ಮಾಡಿದ ಕಡೆಯಿಂದ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕು. "ಒಳ್ಳೇ ಹುಡುಗ" ಅಂತ ಬರೆದರೆ ಸಾಲದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ಯಂತ್ರದ ಮೇಲೆ ಏನು ಕೆಲಸ ಅಂತ ಇರಬೇಕು. ಪಿಎಫ್ ಪಾಸ್‌ಬುಕ್, ಫಾರ್ಮ್ 16, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಇರಲಿ. ಮದುವೆಗೆ ಮುಂಚಿನ ಹೆಸರಲ್ಲಿ ಓದಿದ ಹೆಣ್ಣುಮಕ್ಕಳು ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಮಾಡಿಸಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಅಷ್ಟೇ. ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣ ಮಾತ್ರ ನಿಮ್ಮ ಕೈಯಲ್ಲಿ ತರುವಂಥದ್ದಲ್ಲ, ಅದು ಬೆಂಗಳೂರಿನಿಂದ ಆಪ್ರಾಗೆ ನೇರವಾಗಿ ಹೋಗಬೇಕು. ಅದಕ್ಕೆ ಅರ್ಜಿ ಕೊಟ್ಟು, ರಸೀದಿ ಇಸಿದುಕೊಂಡು ಬನ್ನಿ.